ಕಡಿಮೆ ಬೆಲೆಯ ಪಿಸ್ಟನ್ ರೈಫಲ್ ಆರಿಸುವಾಗ ಎಲ್ಲೆಲ್ಲಿ ಕೈಯಿಟ್ಟು ನೋಡಬೇಕು

ಅರೆ-ಸ್ವಯಂಚಾಲಿತ, ಅಂದರೆ ಟ್ರಿಗರ್ ಒತ್ತಿದಾಗಲೆಲ್ಲ ಒಂದೇ ಗುಂಡು ಹಾರಿಸಿ ಮುಂದಿನದನ್ನು ತಾನೇ ತುಂಬಿಕೊಳ್ಳುವ ರೈಫಲ್ ಕೊಳ್ಳಬೇಕೆಂದಿರುವವರು ಬೆಲೆ ವಿಚಾರಿಸುವ ಮೊದಲು ತಾವಿರುವ ಜಾಗದ ಕಾನೂನನ್ನು ವಿಚಾರಿಸಬೇಕು. ಈ ಬಗೆಯ ರೈಫಲ್‌ಗಳನ್ನು ಜನಸಾಮಾನ್ಯರು ಇಟ್ಟುಕೊಳ್ಳುವುದನ್ನು ಬ್ರಿಟನ್ 1988ರಲ್ಲಿ, ಆಸ್ಟ್ರೇಲಿಯಾ 1996ರಲ್ಲಿ, ನ್ಯೂಜಿಲೆಂಡ್ 2019ರಲ್ಲಿ ಬಹುಮಟ್ಟಿಗೆ ನಿಷೇಧಿಸಿದವು. ಅಮೆರಿಕದಲ್ಲಿ ಒಂದು ರಾಜ್ಯದ ನಿಯಮ ಇನ್ನೊಂದು ರಾಜ್ಯಕ್ಕೆ ಹೊಂದುವುದಿಲ್ಲ. ಮ್ಯಾಗಜೀನಿನಲ್ಲಿ ಎಷ್ಟು ಕಾಡತೂಸು ಹಿಡಿಯಬಹುದು ಎಂಬುದಕ್ಕೂ ಕೆಲವು ಕಡೆ ಮಿತಿಯಿದೆ. ಪರವಾನಗಿ, ಬೀಗವಿರುವ ಪೆಟ್ಟಿಗೆ ಮತ್ತು ತರಬೇತಿಯ ಖರ್ಚನ್ನು ರೈಫಲ್ಲಿನ ಬೆಲೆಯ ಜೊತೆಯಲ್ಲೇ ಲೆಕ್ಕ ಹಾಕಿಕೊಳ್ಳಬೇಕು. ಮುಂದಿನ ಮಾತುಗಳೆಲ್ಲ ಕಾನೂನಿನ ಪ್ರಕಾರ ಕೊಳ್ಳಲು ಅವಕಾಶವಿರುವವರಿಗೆ.

ಪಿಸ್ಟನ್ ಮಾಡುವ ಕೆಲಸ ಸರಳವಾದದ್ದು. ಮದ್ದು ಉರಿದು ಹುಟ್ಟುವ ಅನಿಲ ಗುಂಡನ್ನು ನಳಿಗೆಯಲ್ಲಿ ಮುಂದಕ್ಕೆ ತಳ್ಳುತ್ತದೆ. ಅದರಲ್ಲಿ ಸ್ವಲ್ಪ ಪಾಲು ನಳಿಗೆಯಲ್ಲಿ ಕೊರೆದಿರುವ ಸಣ್ಣ ರಂಧ್ರದ ಮೂಲಕ ಹೊರಬಂದು ಪಿಸ್ಟನ್ನಿನ ಮುಖಕ್ಕೆ ಬಡಿಯುತ್ತದೆ. ಆ ಹೊಡೆತಕ್ಕೆ, ನಳಿಗೆಯ ಹಿಂಬಾಯಿಯನ್ನು ಮುಚ್ಚುವ ಬೋಲ್ಟನ್ನು ಹೊತ್ತ ಬೋಲ್ಟ್ ಕ್ಯಾರಿಯರ್ ಎಂಬ ಭಾಗ ಹಿಂದೆ ಸರಿದು, ಕಾಡತೂಸಿನ ಖಾಲಿ ಕೋಶವನ್ನು ಹೊರಗೆಸೆದು, ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಹೊಸ ಕಾಡತೂಸನ್ನು ನಳಿಗೆಯ ಹಿಂತುದಿಯಲ್ಲಿರುವ ಚೇಂಬರಿಗೆ ನೂಕುತ್ತದೆ. ಪಿಸ್ಟನ್ ಕ್ಯಾರಿಯರ್‌ಗೆ ಅಂಟಿಕೊಂಡೇ ಕೊನೆಯವರೆಗೂ ಹಿಂದೆ ಹೋದರೆ ಅದು ದೀರ್ಘ ನಡೆಯ ವಿಧಾನ. 1936ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿದ ಎಂ1 ಗ್ಯಾರಂಡ್ ಮತ್ತು ಮಿಖಾಯಿಲ್ ಕಲಾಶ್ನಿಕೋವ್ ರೂಪಿಸಿದ ಎಕೆ ಈ ಗುಂಪಿನವು. ಪಿಸ್ಟನ್ ಒಂದಿಷ್ಟು ದೂರ ಚಲಿಸಿ, ಕ್ಯಾರಿಯರ್‌ಗೆ ಒಂದು ಗುದ್ದು ಕೊಟ್ಟು ನಿಂತುಬಿಟ್ಟರೆ ಅದು ಹ್ರಸ್ವ ನಡೆಯದು. ಸೆರ್ಗೈ ಸಿಮೊನೊವ್ ರೂಪಿಸಿದ ಎಸ್‌ಕೆಎಸ್, ಬೆಲ್ಜಿಯಂನ ಫಾಲ್, ಅಮೆರಿಕದ ಎಆರ್-18 ಇದಕ್ಕೆ ಉದಾಹರಣೆಗಳು. ಎರಡರಲ್ಲಿ ಯಾವುದು ಮೇಲೆಂಬ ವಾದದಲ್ಲಿ ಕೊಳ್ಳುವವರಿಗೆ ಹೆಚ್ಚಿನ ಪ್ರಯೋಜನವಿಲ್ಲ; ಎರಡೂ ದಶಕಗಳ ಕಾಲ ಕೆಸರು, ಹಿಮ, ಧೂಳನ್ನು ಕಂಡು ಬಂದಿವೆ.

ನಿಮಗೆ ಪಿಸ್ಟನ್ ನಿಜವಾಗಿ ಬೇಕೇ ಎಂಬ ಪ್ರಶ್ನೆಯನ್ನು ಮಾತ್ರ ತಪ್ಪದೆ ಕೇಳಿಕೊಳ್ಳಿ. ಯೂಜೀನ್ ಸ್ಟೋನರ್ ರೂಪಿಸಿದ ಎಆರ್-15 ಮಾದರಿಯಲ್ಲಿ ಅನಿಲವು ತೆಳುವಾದ ಕೊಳವೆಯ ಮೂಲಕ ನೇರವಾಗಿ ಬೋಲ್ಟ್ ಕ್ಯಾರಿಯರ್‌ನ ಒಳಗೇ ಬರುವುದರಿಂದ ಮಸಿ ಮತ್ತು ಬಿಸಿ ಎರಡೂ ಅಲ್ಲಿಯೇ ಸೇರುತ್ತವೆ. ಪಿಸ್ಟನ್ ರೈಫಲ್ಲಿನಲ್ಲಿ ಅವು ಹೆಚ್ಚಾಗಿ ಮುಂಭಾಗದಲ್ಲೇ ಉಳಿಯುತ್ತವೆ. ಬೋಲ್ಟ್ ತಣ್ಣಗಿರುತ್ತದೆ, ಎಣ್ಣೆ ಬೇಗ ಒಣಗುವುದಿಲ್ಲ, ಒರೆಸುವ ಕೆಲಸ ಕಡಿಮೆಯಾಗುತ್ತದೆ. ಆದರೆ ಸರಿಯಾಗಿ ಎಣ್ಣೆ ಹಾಕಿಟ್ಟ ಎಆರ್-15 ಮಸಿಯ ಕಾರಣಕ್ಕೆ ನಿಂತುಹೋಗುವುದು ಅಪರೂಪ, ಮತ್ತು ಅದು ಹಗುರವೂ ಹೌದು. ತಿಂಗಳಿಗೊಮ್ಮೆ ಗುರಿ ಅಭ್ಯಾಸಕ್ಕೆ ಹೋಗುವವರಿಗೆ ಪಿಸ್ಟನ್ ಅನಿವಾರ್ಯವಲ್ಲ. ಅದರ ಸರಳತೆ, ಮಸಿ ಸಹಿಸುವ ಗುಣ, ಹಳೆಯ ವಿನ್ಯಾಸಗಳ ಗಟ್ಟಿತನ ಇಷ್ಟವಾದವರು ಮುಂದೆ ಓದಬಹುದು.

ಕೈಗೆಟಕುವ ಬೆಲೆಯಲ್ಲಿ ಕೊಳ್ಳುವವರು ಹುಟ್ಟಿನಿಂದಲೇ ಪಿಸ್ಟನ್ನಿಗಾಗಿ ರೂಪುಗೊಂಡ ರೈಫಲ್ಲನ್ನು ಹುಡುಕಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಗ್ಗದ ಎಆರ್ ಚೌಕಟ್ಟಿಗೆ ಪಿಸ್ಟನ್ ಜೋಡಿಸಿ ಮಾರುವವುಗಳಲ್ಲಿ ಎರಡು ತೊಂದರೆಗಳಿವೆ. ಪಿಸ್ಟನ್ನಿನ ಸಲಾಕೆ ಕ್ಯಾರಿಯರ್‌ನ ಮೇಲ್ಭಾಗಕ್ಕೆ ಗುದ್ದುವುದರಿಂದ, ನೇರವಾಗಿ ಹಿಂದೆ ಜಾರಬೇಕಾದ ಕ್ಯಾರಿಯರ್‌ನ ಬಾಲ ಕೆಳಕ್ಕೆ ಓರೆಯಾಗಿ ಅದು ಹಿಂದಕ್ಕೆ ಜಾರಿಹೋಗುವ ಬಫರ್ ಕೊಳವೆಯ ಅಂಚನ್ನು ಸವೆಸುತ್ತದೆ. ಒಳ್ಳೆಯ ತಯಾರಕರು ಕ್ಯಾರಿಯರ್‌ನ ಹಿಂಭಾಗದ ಆಕಾರವನ್ನೇ ಬದಲಿಸಿ ಇದನ್ನು ಸರಿಪಡಿಸಿದ್ದಾರೆ. ಅಗ್ಗದವುಗಳಲ್ಲಿ ಆ ಕೆಲಸ ನಡೆದಿದೆಯೇ ಎಂದು ಬಿಚ್ಚಿಯೇ ನೋಡಬೇಕು. ಎರಡನೆಯದಾಗಿ, ಎಆರ್‌ನ ಮಿಕ್ಕ ಭಾಗಗಳಂತೆ ಪಿಸ್ಟನ್ ಭಾಗಗಳಿಗೆ ಸಾಮಾನ್ಯ ಅಳತೆ ಎಂಬುದಿಲ್ಲ. ಒಬ್ಬರ ಗ್ಯಾಸ್ ಬ್ಲಾಕ್ (ನಳಿಗೆಯ ರಂಧ್ರದಿಂದ ಬರುವ ಅನಿಲವನ್ನು ಹಿಡಿಯುವ ಭಾಗ) ಇನ್ನೊಬ್ಬರ ಸಲಾಕೆಗೆ ಕೂರುವುದಿಲ್ಲ; ತಯಾರಕರು ಆ ಮಾದರಿಯನ್ನು ನಿಲ್ಲಿಸಿಬಿಟ್ಟರೆ ಮುರಿದ ಒಂದು ಸಣ್ಣ ಸ್ಪ್ರಿಂಗ್ ಸಿಗದೆ ಇಡೀ ರೈಫಲ್ ಮೂಲೆ ಸೇರುತ್ತದೆ.

ಹಾಗಾದರೆ ಉಳಿಯುವುದು ಮುಖ್ಯವಾಗಿ ಎಸ್‌ಕೆಎಸ್, ಎಕೆ ಮಾದರಿಗಳು ಮತ್ತು ರೂಗರ್ ಮಿನಿ-14. ಫಾಲ್ ಬಹಳ ಸೊಗಸಾದ ರೈಫಲ್. ಅನಿಲದ ಪ್ರಮಾಣವನ್ನು ಹೊಂದಿಸುವ ಅದರ ರೆಗ್ಯುಲೇಟರ್ ಇವತ್ತಿಗೂ ಮೆಚ್ಚುವಂಥದ್ದು. ಆದರೆ ಅದು 7.62×51 ಮಿ.ಮೀ. ಕಾಡತೂಸು ಹಾರಿಸುವುದು, ತೂಕ 4 ಕೆ.ಜಿ.ಗೂ ಮೇಲು, ರೈಫಲ್ಲೂ ಕಾಡತೂಸೂ ಎರಡೂ ದುಬಾರಿ. 1973ರಲ್ಲಿ ಮಾರುಕಟ್ಟೆಗೆ ಬಂದ ಮಿನಿ-14 ಹಗುರ, ಬಳಸಲು ಹಿತ. ಅದರಲ್ಲಿ ಪಿಸ್ಟನ್ ನಳಿಗೆಗೆ ಅಂಟಿಕೊಂಡು ನಿಂತಿರುತ್ತದೆ, ಅದನ್ನು ಆವರಿಸಿದ ಸಲಾಕೆಯ ತಲೆ ಹಿಂದೆ ಹಾರುತ್ತದೆ. ಹಳೆಯ ಮಿನಿಗಳ ತೆಳು ನಳಿಗೆ ಬಿಸಿಯಾದಂತೆ ಗುರಿ ಚದುರುವುದರಿಂದ, ನಳಿಗೆ ದಪ್ಪ ಮಾಡಿದ ನಂತರದ ತಯಾರಿಕೆಯದನ್ನು ಕೊಳ್ಳುವುದು ಒಳ್ಳೆಯದು. ಮ್ಯಾಗಜೀನುಗಳೂ ಅದರವೇ ಆಗಬೇಕು, ಎಆರ್‌ನವು ಕೂರುವುದಿಲ್ಲ.

ಎಸ್‌ಕೆಎಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಹಳೆಯ ಸೇನಾ ದಾಸ್ತಾನಿನಿಂದ ಬಂದದ್ದನ್ನು ಕೊಳ್ಳುವಾಗ ಎಡವುವವರು ಬಹಳ. ಇದರ 10 ಕಾಡತೂಸಿನ ಮ್ಯಾಗಜೀನ್ ರೈಫಲ್ಲಿಗೇ ಸೇರಿಕೊಂಡಿರುತ್ತದೆ, ಕಾಡತೂಸುಗಳನ್ನು ಸಾಲಾಗಿ ಹಿಡಿದಿಡುವ ಕ್ಲಿಪ್ಪಿನಲ್ಲಿ ಮೇಲಿನಿಂದ ತುಂಬಬೇಕು. ಅದನ್ನು ತೆಗೆದು ಹೊರಗಿನ ದೊಡ್ಡ ಮ್ಯಾಗಜೀನ್ ಸೇರಿಸಿದವುಗಳಲ್ಲಿ ಕಾಡತೂಸು ಸಿಕ್ಕಿಬೀಳುವುದು ಸಾಮಾನ್ಯ. ಮೂಲ ರೂಪದಲ್ಲಿರುವುದನ್ನೇ ಆರಿಸಿ. ಯುಗೊಸ್ಲಾವಿಯಾದ ಎಂ59/66 ಮಾದರಿಯಲ್ಲಿ ಗ್ರೆನೇಡ್ ಹಾರಿಸುವುದಕ್ಕಾಗಿ ಅನಿಲವನ್ನು ತಡೆಯುವ ವಾಲ್ವ್ ಒಂದಿದೆ. ವಾಲ್ವ್ ಸವೆದು ಅನಿಲ ಸೋರಿದರೆ ಬೋಲ್ಟ್ ಪೂರ್ತಿ ಹಿಂದೆ ಹೋಗುವುದಿಲ್ಲ. ಜೊತೆಗೆ ಅದರ ನಳಿಗೆಯ ಒಳಮೈಗೆ ಕ್ರೋಮ್ ಲೇಪವಿಲ್ಲ, ಆದ್ದರಿಂದ ತುಕ್ಕನ್ನು ವಿಶೇಷವಾಗಿ ಹುಡುಕಬೇಕು.

ರೈಫಲ್ಲನ್ನು ಕೈಗೆ ತೆಗೆದುಕೊಂಡ ಕೂಡಲೇ ಮ್ಯಾಗಜೀನ್ ಖಾಲಿ ಮಾಡಿ, ಬೋಲ್ಟ್ ಹಿಂದೆಳೆದು, ಚೇಂಬರಿನೊಳಗೆ ಕಣ್ಣಿಂದ ನೋಡಿ, ಕಿರುಬೆರಳು ಹಾಕಿಯೂ ಖಚಿತಪಡಿಸಿಕೊಳ್ಳಿ. ಎಸ್‌ಕೆಎಸ್ ಆದರೆ ಬೋಲ್ಟನ್ನು ಹೊರತೆಗೆದು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ. ಕಾಡತೂಸಿನ ಹಿಂಭಾಗಕ್ಕೆ ಬಡಿದು ಅದನ್ನು ಹೊತ್ತಿಸುವ ಒಳಗಿನ ಫೈರಿಂಗ್ ಪಿನ್ನಿಗೆ ಸಾಮಾನ್ಯವಾಗಿ ಸ್ಪ್ರಿಂಗ್ ಇರುವುದಿಲ್ಲ. ಅದು ಹಿಂದೆ ಮುಂದೆ ಜಾರಿ ಟಕಟಕ ಎನ್ನಬೇಕು. ಶಬ್ದ ಬಾರದಿದ್ದರೆ, ದಾಸ್ತಾನಿನಲ್ಲಿಡುವಾಗ ಬಳಿದ ಕಾಸ್ಮೊಲಿನ್ ಎಂಬ ಕಂದು ಜಿಡ್ಡು ಒಳಗೆ ಗಟ್ಟಿಯಾಗಿ ಪಿನ್ನನ್ನು ಹಿಡಿದಿದೆ ಎಂದರ್ಥ. ಪಿನ್ ಮುಂದಕ್ಕೆ ಚಾಚಿಕೊಂಡೇ ಸಿಕ್ಕಿಕೊಂಡಿದ್ದರೆ, ಬೋಲ್ಟ್ ಮುಚ್ಚುವಾಗಲೇ, ಟ್ರಿಗರ್ ಮುಟ್ಟದೆಯೇ, ಗುಂಡು ಹಾರಬಹುದು. ಬೋಲ್ಟನ್ನು ಪೂರ್ತಿ ಬಿಚ್ಚಿ, ಜಿಡ್ಡು ಕರಗಿಸುವ ದ್ರಾವಣದಲ್ಲಿ ತೊಳೆದು, ಆ ಟಕಟಕ ಶಬ್ದ ಕೇಳುವವರೆಗೂ ಅದಕ್ಕೆ ಕಾಡತೂಸು ತುಂಬಲೇಬಾರದು. ಈ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ.

ಎಕೆ ಮಾದರಿಯಲ್ಲಿ ಹಣ ಎಲ್ಲಿ ಉಳಿಸಿದ್ದಾರೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ನಳಿಗೆಯನ್ನು ಹಿಡಿದು ಬೋಲ್ಟಿಗೆ ಬೀಗದಂತೆ ಕೆಲಸ ಮಾಡುವ ಮುಂಭಾಗದ ಟ್ರನಿಯನ್ ಎಂಬ ಉಕ್ಕಿನ ಗಟ್ಟಿ ಇದರ ಎದೆಗೂಡು. ಅದನ್ನೂ ಬೋಲ್ಟನ್ನೂ ಕಾಸಿ ಬಡಿದು ಮಾಡಿದ್ದಾರೋ, ಅಚ್ಚಿಗೆ ಎರೆದು ಮಾಡಿದ್ದಾರೋ ಎಂದು ಮಾರುವವರನ್ನು ನೇರವಾಗಿ ಕೇಳಿ. ಬಡಿದು ಮಾಡಿದ್ದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಅಗ್ಗದ ಎರಕದ ಭಾಗಗಳು ಕೆಲವು ಸಾವಿರ ಗುಂಡುಗಳೊಳಗೆ ಸವೆದು, ಬೋಲ್ಟ್ ಮತ್ತು ಚೇಂಬರಿನ ನಡುವಿನ ಹೆಡ್‌ಸ್ಪೇಸ್ ಎಂಬ ಅಂತರ ಹಿಗ್ಗಿದರೆ ಕೋಶ ಸಿಡಿಯುವ ಅಪಾಯವಿದೆ. ಆ ಅಂತರವನ್ನು ಅಳೆಯಲು ಎರಡು ಅಳತೆಯ ಉಕ್ಕಿನ ಗೇಜುಗಳಿವೆ: ಚಿಕ್ಕದರ ಮೇಲೆ ಬೋಲ್ಟ್ ಮುಚ್ಚಬೇಕು, ದೊಡ್ಡದರ ಮೇಲೆ ಮುಚ್ಚಬಾರದು. ಹಳೆಯ ಅಥವಾ ಬಿಡಿಭಾಗಗಳಿಂದ ಜೋಡಿಸಿದ ರೈಫಲ್ಲನ್ನು ಕೊಳ್ಳುವವರು ಬಂದೂಕು ರಿಪೇರಿಯಲ್ಲಿ ನುರಿತವರ ಬಳಿ ಒಯ್ದು ಈ ಪರೀಕ್ಷೆ ಮಾಡಿಸಬೇಕು.

ನಂತರ ರೈಫಲ್ಲನ್ನು ಹಿಂದಿನಿಂದ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ. ಮುಂದಿನ ಗುರಿಕಂಬವಾಗಲಿ ಗ್ಯಾಸ್ ಬ್ಲಾಕ್ ಆಗಲಿ ಒಂದು ಪಕ್ಕಕ್ಕೆ ವಾಲಿದ್ದರೆ ಅದು ಅವಸರದ ಜೋಡಣೆ. ರಿವೆಟ್ಟುಗಳ ತಲೆ ಗುಂಡಾಗಿ, ಬಿಗಿಯಾಗಿ ಕೂತಿರಬೇಕು. ಮ್ಯಾಗಜೀನ್ ಸ್ವಲ್ಪ ಅಲುಗಾಡಿದರೆ ಚಿಂತೆಯಿಲ್ಲ, ಅದರ ಮೂತಿ ಮೇಲಕ್ಕೂ ಕೆಳಕ್ಕೂ ಆಡುವಷ್ಟು ಸಡಿಲವಿದ್ದರೆ ಬೇಡ. ಪಿಸ್ಟನ್ನನ್ನು ತೆಗೆದು ಅದರ ತಲೆಯನ್ನು ಬೆಳಕಿಗೆ ಹಿಡಿಯಿರಿ: ಮಸಿ ಕಟ್ಟಿದ್ದರೆ ಒರೆಸಿದರೆ ಹೋಗುತ್ತದೆ, ಆದರೆ ಸಣ್ಣ ಸಣ್ಣ ಕುಳಿಗಳು ಬಿದ್ದಿದ್ದರೆ ಹಿಂದಿನ ಮಾಲೀಕರು ತುಕ್ಕು ಹಿಡಿಸಿದ್ದಾರೆ, ನಳಿಗೆಯನ್ನೂ ಎರಡೆರಡು ಸಲ ನೋಡಬೇಕು.

ಆ ತುಕ್ಕಿಗೆ ಹೆಚ್ಚಾಗಿ ಕಾರಣ ಹಳೆಯ ಸೇನಾ ಕಾಡತೂಸು. ಮದ್ದನ್ನು ಹೊತ್ತಿಸುವ ಅದರ ಪ್ರೈಮರಿನಲ್ಲಿರುವ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಉಪ್ಪಾಗಿ ಉಳಿಯುತ್ತದೆ, ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆ ಈ ಉಪ್ಪನ್ನು ಕರಗಿಸುವುದಿಲ್ಲ, ನೀರು ಕರಗಿಸುತ್ತದೆ. ಅಂಥ ಕಾಡತೂಸು ಬಳಸಿದ ದಿನವೇ ನಳಿಗೆ, ಪಿಸ್ಟನ್, ಗ್ಯಾಸ್ ಕೊಳವೆಗಳನ್ನು ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು. ಕಾಡತೂಸಿನ ಹೆಸರನ್ನು ನಳಿಗೆಯ ಮೇಲಿನ ಅಚ್ಚಿನೊಂದಿಗೆ ಹೋಲಿಸಿ ಓದಿ: .223 ರೆಮಿಂಗ್ಟನ್ ಎಂದಷ್ಟೇ ಇರುವ ಚೇಂಬರಿನಲ್ಲಿ 5.56×45 ಮಿ.ಮೀ. ಸೇನಾ ಕಾಡತೂಸು ಹಾರಿಸಿದರೆ ಒತ್ತಡ ಮಿತಿ ಮೀರಬಹುದು. ಗ್ಯಾರಂಡ್ ಸಿಕ್ಕಿತೆಂದು ಕೊಂಡವರು ಈಗಿನ ಭಾರಿ ಬೇಟೆ ಕಾಡತೂಸನ್ನು ಅದರಲ್ಲಿ ಹಾಕಬಾರದು. ನಿಧಾನವಾಗಿ ಉರಿಯುವ ಮದ್ದು ಅದರ ಉದ್ದನೆಯ ಸಲಾಕೆಯನ್ನು ಬಗ್ಗಿಸುತ್ತದೆ.

ಬೆಲೆಯ ವಿಷಯದಲ್ಲಿ ಒಂದು ಲೆಕ್ಕ ಹಾಕಿ. ಕೈಯಲ್ಲಿರುವ ಹಣವನ್ನೆಲ್ಲ ರೈಫಲ್ಲಿಗೇ ಸುರಿಯದೆ, ಒಂದಿಷ್ಟನ್ನು ಒಳ್ಳೆಯ ಮ್ಯಾಗಜೀನುಗಳಿಗೂ ಐನೂರು ಕಾಡತೂಸುಗಳಿಗೂ ತೆಗೆದಿಡಿ. ಮ್ಯಾಗಜೀನುಗಳ ಮೇಲೆ ಒಂದು, ಎರಡು, ಮೂರು ಎಂದು ಬಣ್ಣದಲ್ಲಿ ಗುರುತು ಹಾಕಿ. ಕಾಡತೂಸು ಎಲ್ಲಿ ಸಿಕ್ಕಿಬಿತ್ತು, ಯಾವ ಮ್ಯಾಗಜೀನು, ಎಷ್ಟನೆಯ ಗುಂಡು ಎಂದು ಮೊದಲ ಇನ್ನೂರು ಗುಂಡುಗಳ ಬಗ್ಗೆ ಬರೆದಿಡಿ. ಎಡವಟ್ಟೆಲ್ಲ ಒಂದೇ ಮ್ಯಾಗಜೀನಿನದಾಗಿದ್ದರೆ ಅದನ್ನು ಬದಲಿಸಿದರೆ ಮುಗಿಯಿತು. ಎಲ್ಲದರಲ್ಲೂ ಹಂಚಿಹೋಗಿದ್ದರೆ, ವಾರಂಟಿ ಅವಧಿ ಮುಗಿಯುವ ಮೊದಲೇ ಆ ಹಾಳೆಯ ಸಮೇತ ರೈಫಲ್ಲನ್ನು ಮಾರಿದವರ ಬಳಿಗೆ ಒಯ್ಯಿರಿ.