ಮಳೆ ರಜೆಯಲ್ಲಿ ಮಕ್ಕಳ ಕೈಗೆ ಕಥೆ ಪುಸ್ತಕ

ಕೊಡಗಿನಲ್ಲಿ ಜುಲೈ ಬಂತೆಂದರೆ ಆಗಾಗ ಶಾಲೆಗೆ ಮಳೆ ರಜೆ, ಮನೆಯಲ್ಲಿ ಕರೆಂಟ್ ಇಲ್ಲ. ಮಕ್ಕಳಿಗೆ ಓದಿನ ರುಚಿ ಹತ್ತಿಸಲು ಇದೇ ಒಳ್ಳೆ ಸಮಯ, ಅಲ್ವಾ?

ಪುಸ್ತಕವನ್ನು ಮಗುವೇ ಆರಿಸಲಿ. ಒಂದು ಪುಟ ಓದುವಾಗ ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಚಲು ಹೇಳಿ. ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಕಷ್ಟ. ಅದನ್ನು ನೀವೇ ಓದಿ ಹೇಳಿ. ಮೂರನೇ ಕ್ಲಾಸಿನ ನನ್ನ ಮಗಳು ಒಲೆ ಪಕ್ಕ ಕೂತು ಒಂದೇ ಆನೆ ಕಥೆಯನ್ನು ಹತ್ತು ಸಲ ಓದಿದ್ದಾಳೆ. ಓದಲಿ ಬಿಡಿ. ಹಾಗೆ ಮತ್ತೆ ಮತ್ತೆ ಓದಿಯೇ ಓದು ಸರಾಗವಾಗುವುದು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಆಡುವವರು ಚಿತ್ರ ತೋರಿಸಿ ಆ ಭಾಷೆಯಲ್ಲೇ ಮಾತಾಡಿಸಿ. ಕಥೆ ಇನ್ನೂ ಹತ್ತಿರವಾಗುತ್ತದೆ. ಓದಿ ಮುಗಿಸಿದ ಕೂಡಲೇ ಪ್ರಶ್ನೆ ಕೇಳಿ ಪರೀಕ್ಷೆ ಮಾತ್ರ ಮಾಡಬೇಡಿ, ದಯವಿಟ್ಟು.

ಖರ್ಚೂ ಜಾಸ್ತಿ ಇಲ್ಲ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ನೆಟ್‌ವರ್ಕ್ ಇದ್ದಾಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.