ಒಂದು ಕೆಜಿ ಪ್ರಾಣಿಗೆ ರೂಟ್ ಕೆನಾಲ್: ನಾನು ಮಾಡುವ ರೀತಿ

ಕಪ್ಪು ಪಾದದ ಫೆರೆಟ್ ಉತ್ತರ ಅಮೆರಿಕದ ಹುಲ್ಲುಗಾವಲಿನ ಪ್ರಾಣಿ. ನಮ್ಮ ಮುಂಗುಸಿಯ ಹಾಗೆ ಉದ್ದ ಮೈ, ತೂಕ ಸುಮಾರು ಒಂದು ಕೆಜಿ. ಇದರ ಸಂತತಿಯೇ ಮುಗಿಯಿತು ಅಂದುಕೊಂಡಿದ್ದಾಗ, 1981ರಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ಮೀಟೀಟ್ಸಿ ಬಳಿ ಒಂದು ಸಾಕುನಾಯಿ ಸತ್ತ ಫೆರೆಟ್ ಒಂದನ್ನು ಮನೆಗೆ ತಂದಿತು. ಈಗಿರುವ ಹೆಚ್ಚುಕಮ್ಮಿ ಎಲ್ಲವೂ ಅಲ್ಲಿ ಹಿಡಿದ ಏಳು ಪ್ರಾಣಿಗಳ ವಂಶವೇ. ಹಾಗಾಗಿ ತಳಿ ಬೆಳೆಸುವ ಒಂದು ಗಂಡು ಪಂಜರದ ತಂತಿ ಕಚ್ಚಿ ಕೋರೆಹಲ್ಲು ಮುರಿದುಕೊಂಡರೆ ನನಗೆ ಅದು ದೊಡ್ಡ ವಿಷಯ. ಕೂಡುವಾಗ ಅದು ಹೆಣ್ಣಿನ ಕತ್ತು ಹಿಡಿಯುವುದು ಹಲ್ಲಿನಿಂದಲೇ.

ಸುಮ್ನೆ ಕಿತ್ತುಬಿಡಬಹುದಲ್ವಾ ಅಂತ ಕೇಳುತ್ತಾರೆ. ಕೆಳದವಡೆಯ ಮುಂಭಾಗದಲ್ಲಿ ಜಾಗವನ್ನೆಲ್ಲ ಕೋರೆಹಲ್ಲಿನ ಬೇರೇ ತುಂಬಿಕೊಂಡಿರುತ್ತದೆ. ಕಿತ್ತರೆ ದವಡೆಯೇ ಮುರಿಯುವ ಭಯ. ರೂಟ್ ಕೆನಾಲ್ ಮಾಡಿ, ಅಂದರೆ ಬೇರಿನ ಒಳಗಿನ ನಾಳ ಶುಚಿಮಾಡಿ ತುಂಬಿ, ಹಲ್ಲು ಉಳಿಸುವುದೇ ಮೇಲು.

ಮನುಷ್ಯರ ಫ್ಲೂ ಫೆರೆಟ್‌ಗಳಿಗೆ ತಗಲುತ್ತದೆ. ಅದಕ್ಕೆ ನೆಗಡಿ ಇದ್ದವರು ಒಳಗೆ ಬರುವಂತಿಲ್ಲ, ಉಳಿದವರಿಗೆ ಮಾಸ್ಕ್ ಕಡ್ಡಾಯ. ಹೊಟ್ಟೆ ಖಾಲಿ ಇಡುವುದು ಮೂರ್ನಾಲ್ಕು ಗಂಟೆ ಮಾತ್ರ, ಜಾಸ್ತಿಯಾದರೆ ಸಕ್ಕರೆ ಅಂಶ ಇಳಿಯುತ್ತದೆ. ಅರಿವಳಿಕೆ ಅನಿಲ ಐಸೋಫ್ಲುರೇನ್ ಕೊಟ್ಟು, ಗಂಟಲಿಗೆ ಮರಗಟ್ಟಿಸುವ ಔಷಧ ಲಿಡೋಕೇನ್ ಒಂದು ಹನಿ ಹಾಕಿ, ಉಸಿರಾಟದ ತೆಳು ಕೊಳವೆ ಇಳಿಸುತ್ತೇನೆ. ಇಷ್ಟು ಚಿಕ್ಕ ಮೈ ಬೇಗ ತಣ್ಣಗಾಗುತ್ತದೆ. ಬಿಸಿಗಾಳಿ ಹೊದಿಕೆ ಮೊದಲ ನಿಮಿಷದಿಂದಲೇ ಬೇಕು. ನನ್ನ ಪ್ರಕಾರ ಇಲ್ಲಿ ಕಷ್ಟ ಹಲ್ಲಿನದಲ್ಲ, ಗಡಿಯಾರದ್ದು. ಎಲ್ಲ ಉಪಕರಣ ಸಾಲಾಗಿ ಜೋಡಿಸದೆ ನಾನು ಅರಿವಳಿಕೆ ಶುರು ಮಾಡಿಸುವುದಿಲ್ಲ.

ಮೊದಲು ಎಕ್ಸ್‌ರೇ. ಎಳೆಯ ಪ್ರಾಣಿಯಾದರೆ ಬೇರಿನ ತುದಿ ಇನ್ನೂ ಮುಚ್ಚಿರುವುದಿಲ್ಲ, ಆಗ ದಾರಿ ಬೇರೆ. ಕೋರೆಹಲ್ಲು ಬಾಗಿರುವುದರಿಂದ ಮುರಿದ ತುದಿಯಿಂದಲೇ ಫೈಲ್ (ನಾಳ ಕೆರೆಯುವ ಸಪೂರ ಅರ) ತಳ್ಳಿದರೆ ಅದು ಗೋಡೆಗೆ ಗುದ್ದುತ್ತದೆ. ಒಸಡಿಗಿಂತ ತುಸು ಮೇಲೆ, ಹಲ್ಲಿನ ಮುಂಬದಿಯಲ್ಲಿ ಸಣ್ಣ ತೂತು ಕೊರೆಯುತ್ತೇನೆ. ಅಲ್ಲಿಂದ ದಾರಿ ನೇರ. ಬಳಸುವುದು ಮನುಷ್ಯರ ಹಲ್ಲಿಗೆ ಬಳಸುವ ಸಪೂರ ಫೈಲ್‌ಗಳನ್ನೇ. ನಾಳ ತೊಳೆಯುವ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಬೇರಿನ ತುದಿ ದಾಟಿ ಹೋದರೆ ಅಂಗಾಂಶ ಸುಡುತ್ತದೆ. ಪಕ್ಕದಲ್ಲಿ ತೂತಿರುವ ಸೂಜಿ ಹಿಡಿದು, ಒತ್ತದೆ, ಹನಿ ಹನಿಯಾಗಿ ಬಿಡುತ್ತೇನೆ. ದ್ರವ ಒಳಗಿಳಿಯದಂತೆ ಗಂಟಲಿಗೆ ಇಟ್ಟ ಗಾಜ್ ಬಟ್ಟೆಗೆ ಉದ್ದ ದಾರ ಕಟ್ಟಿರುತ್ತದೆ, ಅದನ್ನು ತೆಗೆಯಲು ಮರೆಯಬಾರದಲ್ಲ. ಆಮೇಲೆ ಕಾಗದದ ಕಡ್ಡಿಯಿಂದ ಒಣಗಿಸಿ, ಸೀಲರ್ (ಸಂದು ಮುಚ್ಚುವ ಅಂಟು) ಮತ್ತು ರಬ್ಬರ್‌ನಂಥ ಗಟಾಪರ್ಚಾ ತುಂಬಿ, ಕಾಂಪೊಸಿಟ್ ಎಂಬ ಹಲ್ಲಿನ ಸಿಮೆಂಟಿನಂಥ ವಸ್ತುವಿನಿಂದ ಮುಚ್ಚುತ್ತೇನೆ.

ಹಲ್ಲನ್ನು ಹಳೆಯ ಉದ್ದಕ್ಕೆ ಕಟ್ಟುವುದಿಲ್ಲ. ಕಟ್ಟಿದರೆ ಮತ್ತೆ ತಂತಿಗೆ ಸಿಕ್ಕಿ ಮುರಿಯುತ್ತದೆ. ಅಂಚು ನುಣುಪು ಮಾಡಿ ಬಿಟ್ಟರೆ ಸಾಕು. ತಂತಿ ಕಚ್ಚುವ ಚಟ ಇರುವ ಪ್ರಾಣಿಗೆ ಪಂಜರವನ್ನೂ ಬದಲಿಸಲು ಹೇಳುತ್ತೇನೆ. ಆರು ತಿಂಗಳಿಂದ ವರ್ಷದೊಳಗೆ, ಮೈ ಪರೀಕ್ಷೆಗೆ ಅರಿವಳಿಕೆ ಕೊಡುವಾಗಲೇ ಮತ್ತೊಂದು ಎಕ್ಸ್‌ರೇ ತೆಗೆದು ಬೇರಿನ ಸುತ್ತಲಿನ ಮೂಳೆ ನೋಡುತ್ತೇನೆ.