ನಾಲಿಗೆ ಚಾಚಿದ ಟಾಯ್ಲೆಟ್ ರೋಲ್: ಕ್ರೋಶಾದಲ್ಲಿ ಒಂದು ತುಂಟ ತೂಗುಗೊಂಬೆ

ಮನೆಬಳಕೆಯ ವಸ್ತುವನ್ನು ಕ್ರೋಶಾದಲ್ಲಿ ಹಾಕಿದ ಮಾತ್ರಕ್ಕೆ ನಗು ಬರುವುದಿಲ್ಲ. ಅದು ಏನೆಂದು ನೋಡಿದ ಕೂಡಲೇ ಗೊತ್ತಾಗಬೇಕು, ಆಮೇಲೆ ಒಂದೇ ಒಂದು ತುಂಟತನ ಇರಬೇಕು. ಇಲ್ಲಿ ನೇತಾಡುವ ಹಾಳೆಯೇ ರೋಲ್‌ನ ನಾಲಿಗೆ. ಹುಬ್ಬು, ಕೆನ್ನೆ, ಟೋಪಿ ಯಾವುದೂ ಬೇಡ. ಸೇರಿಸುತ್ತ ಹೋದರೆ ರೋಲ್ ಮಾಯವಾಗಿ ಯಾವುದೋ ಒಂದು ಗೊಂಬೆ ಉಳಿಯುತ್ತದೆ.

ಬೇಕಾದ್ದು: 8 ಪ್ಲೈ ಹತ್ತಿ ದಾರ (ಬಿಳಿ 15 ಗ್ರಾಂ, ಕಂದು 5 ಗ್ರಾಂ), 3 ಮಿ.ಮೀ. ಕ್ರೋಶಾ ಕಡ್ಡಿ, 6 ಮಿ.ಮೀ.ನ ಎರಡು ಸೇಫ್ಟಿ ಕಣ್ಣು (ಹಿಂದಿನಿಂದ ವಾಷರ್ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕಣ್ಣು), ಒಳಗೆ ತುಂಬಲು ಒಂದು ಹಿಡಿ ಫೈಬರ್, ದಪ್ಪ ಸೂಜಿ, ಸ್ಟಿಚ್ ಮಾರ್ಕರ್. ಪುಟ್ಟ ಮಕ್ಕಳ ಕೈಗೆ ಸಿಗುವಂತಿದ್ದರೆ ಪ್ಲಾಸ್ಟಿಕ್ ಕಣ್ಣು ಬಿಟ್ಟು ಕಪ್ಪು ದಾರದಲ್ಲಿ ಕಸೂತಿ ಹಾಕಿ. ಎಲ್ಲವೂ ಸಿಂಗಲ್ ಕ್ರೋಶಾ; ಬ್ರಿಟಿಷ್ ಪ್ಯಾಟರ್ನ್‌ಗಳಲ್ಲಿ ಇದನ್ನೇ ಡಬಲ್ ಎನ್ನುತ್ತಾರೆ. 10 ಸ್ಟಿಚ್ ಸುಮಾರು 5 ಸೆಂ.ಮೀ. ಬಂದರೆ ಸರಿ. ಹೆಣಿಗೆಯ ಸಂದಿನಲ್ಲಿ ಫೈಬರ್ ಇಣುಕುವಂತಿದ್ದರೆ 2.5 ಮಿ.ಮೀ. ಕಡ್ಡಿಗೆ ಇಳಿಯಿರಿ.

ಮೊದಲು ಒಳಗಿನ ಕೊಳವೆ. ಕಂದು ದಾರದಲ್ಲಿ 12 ಚೈನ್ ಹಾಕಿ, ತಿರುಚಿಕೊಳ್ಳದಂತೆ ನೋಡಿಕೊಂಡು ಸ್ಲಿಪ್ ಸ್ಟಿಚ್‌ನಿಂದ ಉಂಗುರ ಮಾಡಿ. ಸುತ್ತಿನ ಮೊದಲ ಸ್ಟಿಚ್‌ಗೆ ಮಾರ್ಕರ್ ಹಾಕಿಕೊಂಡು, ಬಿಡದೆ ಸುತ್ತುತ್ತ 12 ಸ್ಟಿಚ್‌ನಂತೆ 10 ಸುತ್ತು. ಕೊನೆಯ ಸ್ಟಿಚ್ ಮುಗಿಸುವಾಗ ಕಡ್ಡಿಯ ಮೇಲೆ ಉಳಿದ ಎರಡು ಕುಣಿಕೆಗಳಿಂದ ಬಿಳಿ ದಾರವನ್ನು ಎಳೆಯಿರಿ. ಆ ಸ್ಟಿಚ್ ಪೂರ್ತಿ ಮುಗಿಸಿ ಆಮೇಲೆ ಬದಲಿಸಿದರೆ ಬಿಳಿಯ ಮೊದಲ ಸ್ಟಿಚ್‌ನ ತಲೆಯಲ್ಲಿ ಕಂದು ಉಳಿದುಬಿಡುತ್ತದೆ.

ಈಗ ಬಿಳಿಯಲ್ಲಿ ಹಿಗ್ಗಿಸಿ. (1 ಸ್ಟಿಚ್, ಮುಂದಿನ ಒಂದರಲ್ಲೇ 2) 6 ಸಲ, ಸುತ್ತಿಗೆ ಒಟ್ಟು 18 ಸ್ಟಿಚ್. (2 ಸ್ಟಿಚ್, ಒಂದರಲ್ಲೇ 2) 6 ಸಲ, 24. (3 ಸ್ಟಿಚ್, ಒಂದರಲ್ಲೇ 2) 6 ಸಲ, 30. ಮುಂದಿನ ಸುತ್ತನ್ನು, ಸ್ಟಿಚ್‌ನ ತಲೆಯಲ್ಲಿ ಕಾಣುವ ಎರಡು ಎಳೆಗಳಲ್ಲಿ ಹಿಂದಿನ ಎಳೆಗೆ ಮಾತ್ರ ಕಡ್ಡಿ ಹಾಕಿ ಹೆಣೆಯಿರಿ. ರೋಲ್‌ಗೆ ಚೂಪಾದ ಅಂಚು ಬರುವುದು ಇದರಿಂದಲೇ. ಮರೆತರೆ ಅಂಚು ದುಂಡಗಾಗುತ್ತದೆ. ಆಮೇಲೆ ಎರಡೂ ಎಳೆ ಹಿಡಿದು 9 ಸುತ್ತು. ಹೊರಗೋಡೆಗೆ ಒಟ್ಟು 10 ಸುತ್ತಾಯಿತು, ಕೊಳವೆಯಷ್ಟೇ. ಒಂದು ಸುತ್ತು ಹೆಚ್ಚುಕಡಿಮೆಯಾದರೂ ಎರಡು ತುದಿಗಳು ಉಬ್ಬುತ್ತವೆ, ಇಲ್ಲವೇ ಒಳಕ್ಕೆ ಜಗ್ಗುತ್ತವೆ.

ಕಣ್ಣು ಕೂರಿಸಲು ಇದೇ ಸಮಯ, ಕೈಯಾಡಲು ಜಾಗ ಇದೆ. ರೋಲ್ ಗೋಡೆಗೆ ಹಾಕಿದ ಹಾಗೆ ಅಡ್ಡಡ್ಡ ತೂಗುವುದರಿಂದ ಕಣ್ಣುಗಳು ಸುತ್ತಿನ ಉದ್ದಕ್ಕೆ ಬರಬಾರದು. ಹೊರಗೋಡೆಯ 3 ಮತ್ತು 4ನೇ ಸುತ್ತಿನ ನಡುವೆ ಒಂದು, ಅದೇ ನೇರದಲ್ಲಿ 7 ಮತ್ತು 8ರ ನಡುವೆ ಇನ್ನೊಂದು. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲಿಯೇ: ಕೈಯಲ್ಲಿ ನೆಟ್ಟಗೆ ಹಿಡಿದು ಕಣ್ಣಿಟ್ಟರೆ ತೂಗುಹಾಕಿದಾಗ ಮುಖ ಪಕ್ಕಕ್ಕೆ ವಾಲಿರುತ್ತದೆ.

ಇನ್ನು ಕಂದು ಕೊಳವೆಯನ್ನು ಬಿಳಿ ಗೋಡೆಯ ಒಳಕ್ಕೆ ತಳ್ಳಿ. ಅದು ತಾನಾಗಿ ಮಗುಚಿಕೊಂಡು ನಯವಾದ ಮೈಯನ್ನು ರಂಧ್ರದ ಕಡೆಗೆ ತೋರಿಸುತ್ತದೆ.

ಕುಗ್ಗಿಸುವ ಮೊದಲ ಸುತ್ತೂ ಹಿಂದಿನ ಎಳೆಗೆ ಮಾತ್ರ: (3 ಸ್ಟಿಚ್, 2 ಸೇರಿಸಿ 1) 6 ಸಲ, 24. ಮುಂದೆ (2 ಸ್ಟಿಚ್, 2 ಸೇರಿಸಿ 1), 18. ಇಲ್ಲಿ ನಿಲ್ಲಿಸಿ ಫೈಬರ್ ತುಂಬಿ. ರಂಧ್ರದೊಳಗೆ ದಪ್ಪ ಮಾರ್ಕರ್ ಪೆನ್ ಇಟ್ಟುಕೊಂಡು, ಚೂರುಚೂರಾಗಿ ಸುತ್ತಲೂ ಸಮನಾಗಿ ಇಳಿಸಿ. ಗಿಡಿದು ತುಂಬಿದರೆ ಹೊರಗೋಡೆ ಪೀಪಾಯಿಯಾಗುತ್ತದೆ, ಕೊಳವೆ ಮುಚ್ಚಿಹೋಗುತ್ತದೆ. ಬಳಿಕ (1 ಸ್ಟಿಚ್, 2 ಸೇರಿಸಿ 1), 12. ಈ 12ನ್ನು ಕಂದು ಚೈನ್‌ನ 12ಕ್ಕೆ ಒಂದಕ್ಕೊಂದು ಸೇರಿಸಿ ಬಿಳಿ ದಾರದಲ್ಲಿ ಹೊಲಿಯಿರಿ.

ನಾಲಿಗೆ ಕಣ್ಣುಗಳಿಂದ 3 ಸ್ಟಿಚ್ ಕೆಳಗೆ ಶುರುವಾಗುತ್ತದೆ. ಈ ತುದಿಯಿಂದ ಆ ತುದಿಗೆ ಗುಂಡುಸೂಜಿಗಳಿಂದ ನೇರ ಗೆರೆ ಗುರುತಿಸಿ. ಸ್ಟಿಚ್‌ಗಳ ಸಾಲನ್ನೇ ನಂಬಬೇಡಿ. ಬಿಡದೆ ಸುತ್ತುತ್ತ ಹೆಣೆದಾಗ ಅವು ಮೆಲ್ಲಗೆ ಓರೆಯಾಗುತ್ತವೆ, ನಾಲಿಗೆಯೂ ಸೊಟ್ಟಗಾಗುತ್ತದೆ. ಗೆರೆಯ ಮೇಲೆ ಸುತ್ತಿಗೊಂದರಂತೆ 10 ಸ್ಟಿಚ್ ಎತ್ತಿ, ಪ್ರತಿ ಸಾಲಿನ ಕೊನೆಗೆ 1 ಚೈನ್ ಹಾಕಿ ತಿರುಗಿಸುತ್ತ 8 ಸಾಲು. 5ನೇ ಸಾಲನ್ನು ಮುಂದಿನ ಎಳೆಗೆ ಮಾತ್ರ ಹಾಕಿದರೆ ಹಾಳೆ ಹರಿದುಕೊಳ್ಳಲು ಇರುವ ತೂತುಗಳ ಗೆರೆಯಂತೆ ಕಾಣುತ್ತದೆ. ಕೊನೆಗೆ ಸ್ಲಿಪ್ ಸ್ಟಿಚ್‌ಗಳ ನಡುವೆ ಎಲ್ಲೋ 1, ಎಲ್ಲೋ 3 ಚೈನ್ ಹಾಕಿ. ಕಿತ್ತ ಹಾಳೆಯ ಅಂಚು ಒಪ್ಪವಾಗಿದ್ದರೆ ಚೆನ್ನಲ್ಲ. ಅಂಚು ಸುರುಳಿಯಾದರೆ ಒದ್ದೆ ಮಾಡಿ, ಪಿನ್ ಹಾಕಿ ಒಣಗಿಸಿ. ಹಾಳೆ ಮುಂದಕ್ಕೆ ಬೀಳಬೇಕೋ ಹಿಂದಕ್ಕೋ ಎಂದು ಜಗಳ ಬಂದರೆ, ಅಮೆರಿಕದ ಸೆತ್ ವೀಲರ್‌ನ 1891ರ ಟಾಯ್ಲೆಟ್ ರೋಲ್ ಪೇಟೆಂಟ್ ಚಿತ್ರದಲ್ಲಿ ಅದು ಮುಂದಕ್ಕೇ ಬಿದ್ದಿದೆ.

ತೂಗಲು 40 ಚೈನ್ ಹಾಕಿ ಕೊಳವೆಯೊಳಗಿಂದ ತೂರಿಸಿ ತುದಿಗಳನ್ನು ಗಂಟು ಹಾಕಿ, ಗಂಟನ್ನು ಒಳಕ್ಕೆಳೆದು ಬಿಡಿ. ಕಣ್ಣುಗಳು ಮುಂದಕ್ಕೆ ನೋಡುವಂತೆ ಹಿಡಿದು, ಕೊಳವೆಯ ಒಳಗೋಡೆಯ ಮೇಲ್ಭಾಗಕ್ಕೆ ಚೈನನ್ನು ಎರಡು ಹೊಲಿಗೆಯಲ್ಲಿ ಕಚ್ಚಿಸಿ. ಇಲ್ಲದಿದ್ದರೆ ನಾಲಿಗೆಯ ಭಾರಕ್ಕೆ ರೋಲ್ ಉರುಳಿ ಕಣ್ಣು ನೆಲ ನೋಡುತ್ತದೆ.

ಕೊಳವೆ ಬೇಡವಾದರೆ ಇದೇ ಲೆಕ್ಕದಲ್ಲಿ ಬ್ಯಾಟರಿ ಸೆಲ್ ಆಗುತ್ತದೆ: ಮ್ಯಾಜಿಕ್ ರಿಂಗ್‌ನಲ್ಲಿ (ತುದಿ ಎಳೆದರೆ ಬಿಗಿಯಾಗುವ ದಾರದ ಉಂಗುರ) 6, ಮುಂದೆ 12, 18, ಹಿಂದಿನ ಎಳೆಗೆ ಒಂದು ಸುತ್ತು, ನೇರ 11 ಸುತ್ತು, ಮತ್ತೆ ಹಿಂದಿನ ಎಳೆಗೆ ಕುಗ್ಗಿಸಿ 12. ಫೈಬರ್ ತುಂಬಿ, 6ಕ್ಕೆ ಇಳಿಸಿ, ಆ 6ರ ಮೇಲೆ ಬೂದು ದಾರದಲ್ಲಿ 2 ಸುತ್ತು ಹಾಕಿದರೆ ಸೆಲ್ ತುದಿಯ ಪುಟ್ಟ ಉಬ್ಬು. ಚಾರ್ಜ್ ಮುಗಿಯುತ್ತ ಬಂದಿದೆ ಎನ್ನಲು ಅರ್ಧ ಮುಚ್ಚಿದ ರೆಪ್ಪೆ, ಬುಡದಲ್ಲಿ ಒಂದೇ ಒಂದು ಕೆಂಪು ಗೆರೆ ಸಾಕು.